ನೀಲಿ ಉರಿ ಮತ್ತು ಫಕ್ಕೀರಪ್ಪನ ಮೂಗು

ಗ್ಯಾಸಿನ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಸವಣೂರಿನ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಬರ್ನರ್ ಹೊಂದಿಸುವುದನ್ನು ಹೇಳಿಕೊಡಿ ಅನ್ನುತ್ತಾರೆ. ಅದು ಆರು ತಿಂಗಳಲ್ಲಿ ಬರುವ ವಿದ್ಯೆ, ಕೈ ಸುಟ್ಟುಕೊಂಡರೆ ಇನ್ನೂ ಬೇಗ ಬರುತ್ತದೆ. ಅದಕ್ಕಿಂತ ಮೊದಲು ಕಲಿಯಬೇಕಾದದ್ದೊಂದಿದೆ. ನಾನು ಅದನ್ನು ಇಪ್ಪತ್ತು ವರ್ಷ ಕಲಿಯಲಿಲ್ಲ, ಕಲಿತಾಗ ಇನ್ನೊಬ್ಬನ ಜೀವ ಹೋಗಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಅನ್ನುವುದನ್ನು ನಿವೃತ್ತಿಯ ದಿನ ಹಾರ ಹಾಕಿದವರು ಹೇಳಿ ಮುಗಿಸಿದ್ದಾರೆ, ಮತ್ತೆ ಬೇಡ.

ನಮ್ಮದು ಶಾಸ್ತ್ರ ಓದಿದವರ ಮನೆ. ಅಜ್ಜ ಮಠದಲ್ಲಿ ಪಾಠ ಹೇಳುತ್ತಿದ್ದರು, ಅಪ್ಪ ಶಾಲಾ ಮಾಸ್ತರರು. ನಾನು ಡಿಪ್ಲೊಮಾ ಮಾಡಿ ಮಸಿ ಹಿಡಿಯುವ ಕೆಲಸಕ್ಕೆ ಬಿದ್ದೆ. ಕೆಲಸಗಾರರೆಲ್ಲ ನನ್ನನ್ನು "ಆಚಾರ್ರ" ಅಂತಲೇ ಕರೆಯುತ್ತಿದ್ದರು. ನಾನಿದ್ದ ಕಂಪನಿ ಚಿಕ್ಕದು, ಈಗ ಅದು ಮುಚ್ಚಿಹೋಗಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಗಿರಣಿ, ಶೆಡ್ಡುಗಳಿಗೆ ನಾವು ಗ್ಯಾಸಿನ ಘಟಕ ಕೂಡಿಸಿಕೊಡುತ್ತಿದ್ದೆವು.

ಘಟಕ ಅಂದರೆ ದೊಡ್ಡ ಮಾತೇನಲ್ಲ. ಹತ್ತಿ ಕಟ್ಟಿಗೆ, ಕಾಳು ಬಿಡಿಸಿದ ಗೋವಿನಜೋಳದ ದಿಂಡು, ಜಾಲಿ ತುಂಡು ಇವನ್ನು ಮುಚ್ಚಿದ ಒಲೆಯಲ್ಲಿ ಬೇಕಾದಷ್ಟು ಗಾಳಿ ಕೊಡದೆ ಸುಟ್ಟರೆ ಅವು ಪೂರ್ತಿ ಉರಿಯದೆ ಒಂದು ಗ್ಯಾಸು ಬಿಡುತ್ತವೆ. ಅದನ್ನು ತಣಿಸಿ, ತೊಳೆದು, ಬರ್ನರಿಗೆ ಕೊಟ್ಟರೆ ಅಲ್ಲಿ ಚೆನ್ನಾಗಿ ಉರಿಯುತ್ತದೆ. ಅದರಲ್ಲಿ ಉರಿಯುವುದು ಮುಖ್ಯವಾಗಿ ಎರಡು. ಒಂದು ಹೈಡ್ರೋಜನ್, ಇನ್ನೊಂದು ಕಾರ್ಬನ್ ಮೊನಾಕ್ಸೈಡ್. ಈ ಎರಡನೆಯದು ಉರಿದರೆ ಶಾಖ, ಉರಿಯದೆ ಉಸಿರಿಗೆ ಸೇರಿದರೆ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಘಟಕದ ಹತ್ತಿರ ಮೂಗಿಗೆ ಹೊಡೆಯುವ ಹೊಗೆ ವಾಸನೆ ಅದರದ್ದಲ್ಲ, ಜೊತೆಗೆ ಬರುವ ಡಾಂಬರಿನದ್ದು. ಇಷ್ಟು ಪುಸ್ತಕದಲ್ಲೂ ಇದೆ. ಪರೀಕ್ಷೆಗೆ ನಾನೂ ಇದನ್ನೇ ಬರೆದು ಪಾಸಾಗಿದ್ದೆ.

ಮೊದಲ ಪೆಟ್ಟು ಬಿದ್ದದ್ದು ಆಡೂರಿನ ಹತ್ತಿರದ ಒಂದು ಅಕ್ಕಿ ಗಿರಣಿಯಲ್ಲಿ. ಮಾಸೂರಿನ ಫಕ್ಕೀರಪ್ಪ ನನ್ನ ಕೈಕೆಳಗೆ ಕೆಲಸಕ್ಕೆ ಸೇರಿ ವಾರವಾಗಿತ್ತು. ನನ್ನದೇ ವಯಸ್ಸು, ಮಾತು ಕಡಿಮೆ, ಕಟ್ಟಿಗೆ ಮುಟ್ಟಿ ನೋಡಿ ಹಸಿಯೋ ಒಣಗಿದ್ದೋ ಹೇಳುವವನು. ಮೂರು ತಾಲೂಕುಗಳ ಹೊಲಗಳಲ್ಲಿ ಕೂಲಿ ಮಾಡಿ ಬಂದಿದ್ದ. ಆ ದಿನ ಉರಿ ಜಾಸ್ತಿಯಾಗಿದೆ ಅಂತ ನಾನು ಗ್ಯಾಸಿನ ಕಾಕ್ ತಿರುಗಿಸಿ ಸಣ್ಣ ಮಾಡುತ್ತ ಹೋದೆ, ಅಡುಗೆ ಮನೆಯ ಒಲೆ ಸಣ್ಣ ಮಾಡಿದ ಹಾಗೆ.

"ಆಚಾರ್ರ, ಉರಿ ಒಳಗ ಹೊಂಟೈತ್ರಿ. ಸಪ್ಪಳ ಬ್ಯಾರೆ ಆಗೇತಿ" ಅಂದ ಫಕ್ಕೀರಪ್ಪ.

"ನಿನಗೇನು ಗೊತ್ತದ, ಸುಮ್ಮನಿರು" ಅಂದೆ.

ಹೈಡ್ರೋಜನ್ ಇರುವ ಗ್ಯಾಸಿನ ಉರಿ ಬಹಳ ಜೋರಾಗಿ ಓಡುತ್ತದೆ. ಗ್ಯಾಸು ಬರುವ ವೇಗ ಉರಿಯ ವೇಗಕ್ಕಿಂತ ಕಡಿಮೆಯಾದರೆ ಉರಿ ಬರ್ನರಿನ ಬಾಯಿ ಬಿಟ್ಟು ಕೊಳವೆಯೊಳಗೆ ಹಿಂದಕ್ಕೆ ಓಡುತ್ತದೆ. ಅದು ನನಗೆ ಪಾಠವಾಗಿ ಗೊತ್ತಿತ್ತು, ಸಪ್ಪಳವಾಗಿ ಗೊತ್ತಿರಲಿಲ್ಲ. ಫಕ್ಕೀರಪ್ಪ ನನ್ನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದ. ಆ ಕ್ಷಣಕ್ಕೇ ಕೊಳವೆ ಢಮ್ ಅಂದಿತು. ನನ್ನ ಹುಬ್ಬು ಎರಡೂ ಸುಟ್ಟು ಹೋದವು, ಕಣ್ಣು ಉಳಿದವು. ಎರಡು ತಿಂಗಳು ಹುಬ್ಬಿಲ್ಲದ ಮುಖ ಹೊತ್ತು ತಿರುಗಿದೆ. ಮನೆಯಲ್ಲಿ ನಮ್ಮವ್ವ ಯಾರ ಶಾಪವಿದು ಅಂತ ಅತ್ತಳು.

ಅಲ್ಲಿಂದ ಅವನನ್ನು ನಾನು ಬಿಡಲಿಲ್ಲ. ಅವನ ಮೂಗು ನನಗೆ ಮುಖ್ಯವಾಗಿ ಬೇಕಿತ್ತು. ನಶ್ಯ ಏರಿಸಿ ಏರಿಸಿ ನನ್ನ ಮೂಗು ಯಾವತ್ತೋ ಸತ್ತಿತ್ತು. ಫಕ್ಕೀರಪ್ಪ ದಿನಾ ಬೆಳಗ್ಗೆ ಘಟಕ ಹೊತ್ತಿಸಿದ ಮೇಲೆ ಒಂದು ಸುತ್ತು ಬರುತ್ತಿದ್ದ. ಪ್ರತಿ ಜೋಡಣೆಯ ಹತ್ತಿರ ನಿಂತು ಮೂಸುತ್ತಿದ್ದ. "ಇಲ್ಲಿ ಬಿಡಾಕತ್ತೈತ್ರಿ" ಅಂದರೆ ಅಲ್ಲಿ ಸೋರಿಕೆ ಇದ್ದೇ ಇರುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಸೋರಿಕೆ ಹಿಡಿಯುವ ಯಂತ್ರ ಯಾವ ಗಿರಣಿಯಲ್ಲೂ ಇರಲಿಲ್ಲ, ನಮಗೆ ಅದರ ಕೊರತೆ ಕಾಣಲೂ ಇಲ್ಲ. ನಾಲ್ಕು ತಾಲೂಕುಗಳ ಅಷ್ಟೂ ಘಟಕಗಳನ್ನು ನಾವು ಒಬ್ಬ ಮನುಷ್ಯನ ಮೂಗಿನ ಮೇಲೆ ನಡೆಸಿದೆವು.

ಆಮೇಲೆ ಚಿಮಣಿಯ ಹೊಗೆ ಅಳೆಯುವ ಕಾಲ ಬಂತು. ನಮ್ಮ ಮೇಲಿನ ಎಂಜಿನಿಯರು ದೇಸಾಯಿ ಸಾಹೇಬರು ಹುಬ್ಬಳ್ಳಿಯಿಂದ ಒಂದು ಮೀಟರ್ ತಂದರು. ಸಾಹೇಬರು ಸಿಡುಕರು, ಆದರೆ ಕೆಲಸ ಬಲ್ಲವರು. ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕೂತು ಉರಿಯ ಚಿತ್ರ ಬರೆದು ಹೇಳುತ್ತಿದ್ದರು. ಶಿಗ್ಗಾವಿಯ ಒಂದು ಕಾರ್ಖಾನೆಯಲ್ಲಿ ಎಂಟು ದಿನ ನಾವು ಒಂದೇ ಬರ್ನರ್ ಜೊತೆ ಗುದ್ದಾಡಿದೆವು. ಉರಿ ಹಳದಿಯಿದ್ದರೆ ಡಾಂಬರು ಹೋಗುತ್ತಿದೆ, ಮಸಿ ಕಟ್ಟುತ್ತದೆ. ಉರಿ ತಣ್ಣಗಿನ ಕಬ್ಬಿಣಕ್ಕೆ ತಾಗಿದರೆ ಅರ್ಧಕ್ಕೇ ಆರಿ ಕಾರ್ಬನ್ ಮೊನಾಕ್ಸೈಡ್ ಹಾಗೇ ಚಿಮಣಿ ಸೇರುತ್ತದೆ. ಅದನ್ನು ತಗ್ಗಿಸಲು ಉರಿಯನ್ನು ಬಿಸಿ ಮಾಡಿದರೆ ನೈಟ್ರೋಜನ್ ಆಕ್ಸೈಡ್ ಏರುತ್ತದೆ. ಅದನ್ನು ಇಳಿಸಲು ಗಾಳಿ ಹೆಚ್ಚು ಕೊಟ್ಟರೆ ಉರಿ ಬರ್ನರಿನ ಬಾಯಿ ಬಿಟ್ಟು ಮೇಲೆದ್ದು ಅಲ್ಲಾಡಿ ಆರಿಹೋಗುತ್ತದೆ. ಒಂದನ್ನು ಹಿಡಿದರೆ ಇನ್ನೊಂದು ತಪ್ಪಿಸಿಕೊಳ್ಳುತ್ತಿತ್ತು.

ಎಂಟನೆಯ ದಿನ ಎರಡೂ ಹಿಡಿತಕ್ಕೆ ಬಂದವು. ಸಾಹೇಬರು ಪೇಢೆ ತರಿಸಿದರು. ಫಕ್ಕೀರಪ್ಪ ಪೇಢೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದ, "ಸಾಹೇಬ್ರ, ಚಿಮಣೀದು ಅಳದ್ರಿ. ನಾವು ನಿಂದರೋ ಖೋಲ್ಯಾಗಿಂದು ಅಳೆಯೂದಿಲ್ಲೇನ್ರಿ?"

"ಸರಕಾರದ ಕಾಗದದಾಗ ಚಿಮಣೀದ ಕೇಳ್ಯಾರ. ಒಳಗಿಂದು ಕೇಳಿಲ್ಲ" ಅಂದರು ಸಾಹೇಬರು. ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಅಷ್ಟು ಸರಿಯಾದ ಪ್ರಶ್ನೆಯನ್ನು ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಯಾವ ಎಂಜಿನಿಯರೂ ಕೇಳಲಿಲ್ಲ.

ಹಿರೇಕೆರೂರಿನಿಂದ ಮಾಸೂರಿಗೆ ಹೋಗುವ ದಾರಿಯಲ್ಲಿ ಗೋವಿನಜೋಳ ಒಣಗಿಸುವ ಶೆಡ್ಡೊಂದಿತ್ತು. ಘಟಕ ನಮ್ಮದೇ. ಕಾಳಿಗೆ ಹೊಗೆ ವಾಸನೆ ಹಿಡಿಯುತ್ತಿದೆ ಅಂತ ತಕರಾರು ಬಂತು. ಅದನ್ನು ಸರಿ ಮಾಡಲು ನಾನೇ ಒಂದು ಹೊಸ ಫಿಲ್ಟರ್ ಯೋಚಿಸಿದೆ. ಮೊದಲು ನೀರಿನಲ್ಲಿ ತೊಳೆದು, ಆಮೇಲೆ ಮರಳು, ಕೊನೆಗೆ ಎರಡು ಪದರ ದಪ್ಪ ಅರಿವೆ. ಗ್ಯಾಸನ್ನು ಮುಂದಕ್ಕೆ ತಳ್ಳುವ ಬ್ಲೋವರ್ ಆದ ಮೇಲೆ, ನೆಲಮಟ್ಟಕ್ಕಿಂತ ಎರಡು ಮೆಟ್ಟಿಲು ಕೆಳಗಿನ ಖೋಲಿಯಲ್ಲಿ ಅದನ್ನು ಕೂಡಿಸಿದೆ. ಅದೇ ಖೋಲಿಯಲ್ಲಿ ಹಳೆಯ ವಾಟರ್ ಸೀಲ್ ಇತ್ತು. ವಾಟರ್ ಸೀಲ್ ಅಂದರೆ ನೀರು ತುಂಬಿದ ಒಂದು ತೊಟ್ಟಿ. ಅದರೊಳಗೆ ಕೊಳವೆಯ ಬಾಯಿ ಮುಳುಗಿರುತ್ತದೆ, ನೀರೇ ಬಾಗಿಲಾಗಿ ಗ್ಯಾಸನ್ನು ತಡೆಯುತ್ತದೆ.

ಫಿಲ್ಟರ್ ಚಾಲೂ ಆದ ದಿನ ಬರ್ನರಿನಲ್ಲಿ ಎಂಥ ಉರಿ ಬಂತು ಅಂತೀರಿ. ಹಳದಿಯ ಸೋಂಕೂ ಇಲ್ಲದ ತಿಳಿ ನೀಲಿ, ಬಿಸಿಲು ಬಿದ್ದ ಕಡೆ ಕಣ್ಣಿಗೆ ಕಾಣದಷ್ಟು. ಶೆಡ್ಡಿನಲ್ಲಿ ಹೊಗೆ ವಾಸನೆ ಅನ್ನುವುದೇ ಇರಲಿಲ್ಲ. ಕಾಯಿ ಒಡೆದೆವು. ಸಾಹೇಬರು ಎಲ್ಲರ ಎದುರಿಗೆ ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಫಕ್ಕೀರಪ್ಪ ಬೆಳಗಿನ ಸುತ್ತು ಮುಗಿಸಿ ಬಂದ. "ಆಚಾರ್ರ, ಈ ಗ್ಯಾಸು ಮೂಗಿಗೆ ಸಿಗವಲ್ತುರಿ" ಅಂದ.

"ಸಿಗಬಾರದು ಅಂತನ ಮಾಡೇನಲ್ಲೋ" ಅಂದೆ.

ಅವನು ನಗಲಿಲ್ಲ. ಮತ್ತೊಂದು ಸುತ್ತು ಹೋಗಿ ಮೂಸಿ ಬಂದ.

ಫಿಲ್ಟರಿನ ಸಾಮಾನಿನ ಜೊತೆ ಸಾಹೇಬರು ಒಂದು ಸಣ್ಣ ಪೆಟ್ಟಿಗೆ ಕಳಿಸಿದ್ದರು. ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಬಂದರೆ ಒದರುವ ಯಂತ್ರ. ಅದನ್ನು ಕೆಳಗಿನ ಖೋಲಿಯ ಗೋಡೆಗೆ ತೂಗುಹಾಕಿದೆವು. ಆ ವರ್ಷ ತೆನೆ ಮುರಿಯುವ ಹೊತ್ತಿಗೇ ಮಳೆ ಹಿಡಿಯಿತು. ಹಸಿ ಕಾಳಿನ ಚೀಲಗಳು ಬಾಗಿಲ ತನಕ ಬಂದು ಬಿದ್ದವು, ಬ್ಲೋವರ್ ನಿಲ್ಲಿಸಲು ಪುರಸೊತ್ತಿಲ್ಲ. ಮೊದಲ ವಾರದಲ್ಲೇ ಪೆಟ್ಟಿಗೆ ನಾಲ್ಕು ಸಲ ಒದರಿತು. ಪ್ರತಿ ಸಲ ನಾನು ಕೆಳಗಿಳಿದು ಹೋಗಿ ಫಕ್ಕೀರಪ್ಪನನ್ನು ಕರೆದೆ.

"ವಾಸನಿ ಏನರ ಬರತದೇನೋ?"

"ಇಲ್ರಿ."

"ಹಂಗಾರ ಪೆಟ್ಟಿಗೀನ ಕೆಟ್ಟದ."

ನಾಲ್ಕನೆಯ ಸಲ ಅದರ ಸೆಲ್ ತೆಗೆದು ನನ್ನ ಮೇಜಿನ ಡ್ರಾವರಿನಲ್ಲಿ ಹಾಕಿದೆ. ವಾಸನೆಯೆಲ್ಲವನ್ನೂ ತೆಗೆದುಹಾಕಿದವನು ನಾನು. ವಾಸನೆಯಿಲ್ಲ, ಹಾಗಾಗಿ ಗ್ಯಾಸಿಲ್ಲ ಅಂದವನೂ ನಾನೇ. ಇಷ್ಟು ದಿನ ತಪ್ಪದ ಆ ಮೂಗು ಈಗ ಯಾವ ಕೆಲಸಕ್ಕೂ ಬಾರದಂತೆ ಮಾಡಿದ್ದೇನೆ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಅವನು ಅಂದ, "ಸೀಲಿನ ನೀರು ಗುಳುಗುಳು ಅಂತೈತ್ರಿ." ಬಿಸಿಗೆ ಹಾಗಾಗುತ್ತದೆ ಅಂದೆ. ಇನ್ನೊಂದು ದಿನ, "ಮಧ್ಯಾಹ್ನ ಆತಂದ್ರ ತಲಿ ಸಿಡಿತೈತ್ರಿ ಆಚಾರ್ರ" ಅಂದ. ನಾನು ನಶ್ಯದ ಡಬ್ಬಿ ಅವನ ಮುಂದೆ ಹಿಡಿದೆ. "ಒಂದು ಚಿಟಿಕಿ ಏರಿಸು, ಹೋಗತದ" ಅಂದೆ.

ಮಳೆಗೆ ಎಲ್ಲ ಕಡೆ ಥಂಡಿ. ಕೆಳಗಿನ ಖೋಲಿ ಮಾತ್ರ ಬೆಚ್ಚಗೆ. ಫಕ್ಕೀರಪ್ಪ ಮಧ್ಯಾಹ್ನದ ಬುತ್ತಿ ಬಿಚ್ಚಲು ಅಲ್ಲಿಗೆ ಹೋಗುತ್ತಿದ್ದ, ಎರಚಲು ಬರುತ್ತದೆಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಆ ದಿನ ಊಟಕ್ಕೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಬೈದುಕೊಳ್ಳುತ್ತಲೇ ಬಾಗಿಲು ದೂಡಿದೆ. ಗೋಡೆಗೆ ಒರಗಿ ಕೂತಿದ್ದ. ತೊಡೆಯ ಮೇಲೆ ಅರ್ಧ ರೊಟ್ಟಿ, ಪುಂಡಿಪಲ್ಯ. ಕರೆದೆ, ಮುಟ್ಟಿದೆ. ಎರಡು ಮೆಟ್ಟಿಲು ಇಳಿದಷ್ಟಕ್ಕೇ ನನಗೂ ತಲೆ ತಿರುಗಿತು. ಹೇಗೆ ಹೊರಗೆ ಎಳೆದು ತಂದೆನೋ ಗೊತ್ತಿಲ್ಲ. ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಜೀವ ಮೊದಲೇ ಹೋಗಿತ್ತು.

ತುಟಿ, ಉಗುರಿನ ಬುಡ ಕೆಂಪಗಿದ್ದವು. ಸತ್ತವನ ಮುಖದಲ್ಲಿ ಎಂಥ ಕಳೆ, ಪುಣ್ಯವಂತ, ಕುಂತಲ್ಲೇ ಹೋದ ಅಂತ ಜನ ಅಂದರು. ಆ ಕೆಂಪು ಏನೆಂದು ನನಗೆ ಗೊತ್ತಿತ್ತು. ಅದು ಪುಸ್ತಕದ ಯಾವ ಪುಟದಲ್ಲಿತ್ತು ಅನ್ನುವುದೂ ಗೊತ್ತಿತ್ತು.

ಸಾಹೇಬರು ಬಂದು ನನ್ನನ್ನು ಬದಿಗೆ ಕರೆದರು. "ಹೃದಯ ನಿಂತದ, ಆಚಾರ್ರ. ಎಲ್ಲಾರೂ ಹಂಗ ಅನ್ನಾಕತ್ತಾರ. ನೀವು ಬ್ಯಾರೆ ಏನರ ಅಂದ್ರ, ಆ ಫಿಲ್ಟರ್ ಕೂಡಿಸಿದವರು ಯಾರು ಅಂತ ಮೊದಲ ಕೇಳ್ತಾರ" ಅಂದರು. ಬೆದರಿಸಲಿಲ್ಲ, ಮೆಲ್ಲಗೇ ಹೇಳಿದರು. ನಾನು ತಲೆ ಆಡಿಸಿದೆ. ಯಾರೂ ಏನೂ ಕೇಳಲಿಲ್ಲ. ಸಂಜೆಯೊಳಗೆ ಮಣ್ಣು ಕೊಟ್ಟು ಮುಗಿಯಿತು.

ಮರುದಿನ ಶೆಡ್ಡಿಗೆ ಹೋಗಿ ಡ್ರಾವರಿನಿಂದ ಸೆಲ್ ತೆಗೆದು ಪೆಟ್ಟಿಗೆಗೆ ಹಾಕಿದೆ. ಬ್ಲೋವರ್ ಚಾಲೂ ಮಾಡಿಸಿ, ಪೆಟ್ಟಿಗೆಯನ್ನು ಹಗ್ಗಕ್ಕೆ ಕಟ್ಟಿ ಖೋಲಿಯೊಳಗೆ ಇಳಿಬಿಟ್ಟೆ. ಒದರತೊಡಗಿತು. ಬ್ಲೋವರ್ ನಿಲ್ಲಿಸುವ ತನಕ ಒದರುತ್ತಲೇ ಇತ್ತು. ನಡೆದದ್ದು ಇಷ್ಟು. ಫಿಲ್ಟರಿನ ಅರಿವೆಗೆ ಡಾಂಬರು ಕಟ್ಟಿಕೊಂಡಷ್ಟೂ ಅದರ ಹಿಂದೆ ಒತ್ತಡ ಏರುತ್ತಿತ್ತು. ಹಳೆಯ ಸೀಲಿನ ಗೇಣು ನೀರು ಅದನ್ನು ತಡೆಯಲಾರದೆ ಗುಳುಗುಳು ಅಂತ ಗ್ಯಾಸನ್ನು ಖೋಲಿಯೊಳಗೆ ಬಿಟ್ಟುಕೊಡುತ್ತಿತ್ತು. ಫಿಲ್ಟರ್ ಹಾಕಿದ ದಿನವೇ ಸೀಲಿನ ಆಳ ಹೆಚ್ಚಿಸಬೇಕಿತ್ತು. ಒಂದು ದಿನದ ಕೆಲಸ.

ಆಮೇಲೆ ಎಲ್ಲ ಕಡೆ ಫಿಲ್ಟರನ್ನು ಬಯಲಿಗೆ ತಂದೆ, ಸೀಲು ಆಳ ಮಾಡಿಸಿದೆ, ಖೋಲಿಖೋಲಿಗೂ ಪೆಟ್ಟಿಗೆ ಹಾಕಿಸಿದೆ. ಯಲವಿಗಿಯ ಗಿರಣಿಯಲ್ಲಿ ಒಬ್ಬ ಸೆಲ್ ತೆಗೆದು ತನ್ನ ರೇಡಿಯೋಗೆ ಹಾಕಿಕೊಂಡಿದ್ದ, ಅವನ ಕಪಾಳಕ್ಕೆ ಹೊಡೆದೆ. ಆಚಾರ್ರು ಎಷ್ಟು ಕಟ್ಟುನಿಟ್ಟು ಅಂತ ಹೆಸರಾಯಿತು. ಆ ಹೆಸರು ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು, ಆದರೂ ಬೇಡ ಅನ್ನಲಿಲ್ಲ.

ಪ್ರತಿ ವರ್ಷ ಅವನು ಹೋದ ದಿನ ನಾನು ಮಾಸೂರಿಗೆ ಹೋಗುತ್ತಿದ್ದೆ. ಅವನ ಹೆಂಡತಿ ರತ್ನವ್ವ ಕೆರೆ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡಿ ಮಗಳು ಗೌತಮಿಯನ್ನು ಓದಿಸುತ್ತಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಫಕ್ಕೀರಪ್ಪನದು. ಅವಳು ಚಹಾ ಕೊಡುತ್ತಿದ್ದಳು. ನಮ್ಮ ಮನೆತನದಲ್ಲಿ ಅಂಥ ಮನೆಯ ಚಹಾ ಕುಡಿದ ಮೊದಲಿಗ ನಾನು ಅನ್ನುವ ಹೆಮ್ಮೆಯೂ ನನಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಕುಡಿಯುವಾಗ ಅವಳು ಪ್ರತಿ ವರ್ಷ ಅದೇ ಮಾತು ತೆಗೆಯುತ್ತಿದ್ದಳು.

"ನಾನ ಕಳಿಸಿದೆನ್ರಿ ಆಚಾರ್ರ. ತಲಿ ನೋವೈತಿ, ಇವತ್ತೊಂದಿನ ಬಿಡ್ತೇನಿ ಅಂದ್ರು. ಮನ್ಯಾಗಿದ್ರ ನೋವಿಲ್ಲ, ಆಯಿತವಾರ ನೋವಿಲ್ಲ, ಕೆಲಸ ಅಂದ್ರ ಅಷ್ಟ ಹೆಂಗ ಬರತೈತಿ, ಸುಳ್ಳ ಹೇಳಬ್ಯಾಡ್ರಿ ಅಂತ ಬುತ್ತಿ ಕೈಯಾಗ ಕೊಟ್ಟು ದೂಡಿದೆ. ಕಣ್ಣು ಮುಚ್ಚಿದ್ರ ಅದ ಕಾಣತೈತಿ. ನಿದ್ದಿ ಇಲ್ರಿ ನನಗ."

ಮನೆಯಲ್ಲಿ ಇಲ್ಲದ, ಕೆಲಸದಲ್ಲಿ ಮಾತ್ರ ಬರುವ ತಲೆನೋವು. ಅದೇ ಆ ವಿಷದ ಗುರುತು. ಒಂದು ಮಾತು ಹೇಳಿದ್ದರೆ ಅವಳ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ನಾನು, "ಹಂಗ ಅನಬ್ಯಾಡ ರತ್ನವ್ವ, ಅವನ ಆಯುಷ್ಯ ಅಷ್ಟ ಇತ್ತು" ಅನ್ನುತ್ತಿದ್ದೆ. ಹನ್ನೆರಡು ವರ್ಷ ಅಂದೆ.

ಹೋದ ವರ್ಷ ಗೌತಮಿ ಸವಣೂರಿಗೆ ಬಂದಳು. ಡಿಪ್ಲೊಮಾ ಮುಗಿಸಿದ್ದಳು, ಇಂಥದ್ದೇ ಗ್ಯಾಸು ಉರಿಸುವ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಸೇರುವ ಮೊದಲು ಒಂದು ವಿಷಯ ಕೇಳಬೇಕು ಅಂದಳು. ಪುಸ್ತಕದಲ್ಲಿ ಒಂದು ಪುಟ ಗುರುತು ಮಾಡಿಕೊಂಡು ಬಂದಿದ್ದಳು. ಬಿಚ್ಚಿ ತೋರಿಸಿದಳು. ನಾನು ಓದಬೇಕಾಗಿರಲಿಲ್ಲ.

"ಕಾಕಾರ, ಅಪ್ಪಗ ಆಯಿತವಾರ ತಲಿ ನೋವು ಬರ್ತಿರಲಿಲ್ಲಂತ. ಯಾಕ್ರಿ?"

ಎಲ್ಲವನ್ನೂ ಹೇಳಿದೆ. ಪೆಟ್ಟಿಗೆ, ಸೆಲ್ಲು, ನಶ್ಯ, ಗುಳುಗುಳು, ಯಾವುದನ್ನೂ ಬಿಡಲಿಲ್ಲ. ಅವಳು ಅಳಲಿಲ್ಲ. ಪುಸ್ತಕ ಚೀಲದೊಳಗಿಟ್ಟುಕೊಂಡು, "ನನಗ ಹೇಳಿದ್ರ ಸಾಲೂದಿಲ್ರಿ. ಅವ್ವಗ ಹೇಳ್ರಿ. ಆಮ್ಯಾಲೆ ಬರದು ಕೊಡ್ರಿ. ನನ್ನ ಸಂಗಾಟ ಸೇರಿದವರಿಗೆ ಓದಿ ಹೇಳ್ತೇನಿ" ಅಂದಳು.

ಮರುದಿನ ಬೆಳಗಿನ ಬಸ್ಸಿಗೆ ಮಾಸೂರಿಗೆ ಹೋದೆ. ರತ್ನವ್ವ ಎಂದಿನಂತೆ, "ಬರ್ರಿ ಆಚಾರ್ರ, ಕುಂತ್ಕೋರಿ" ಅಂದಳು. ಚಹಾ ತಂದಿಟ್ಟಳು. ಅರ್ಧ ಕುಡಿದು ಹೇಳತೊಡಗಿದೆ. ಅವಳು ನೆಲ ನೋಡುತ್ತ ಕೇಳಿದಳು.

"ಅಂದ್ರ ಅವರು ಸುಳ್ಳ ಹೇಳಿರಲಿಲ್ಲ" ಅಂದಳು.

"ಇಲ್ಲ ರತ್ನವ್ವ."

"ಆ ಪೆಟ್ಟಿಗಿ ಎಷ್ಟ ಸಲ ಒದರಿತ್ತಂದ್ರಿ?"

"ನಾಕು ಸಲ."

ಅವಳು ಎದ್ದು ನನ್ನ ಮುಂದಿನ ಕಪ್ಪು ಎತ್ತಿಕೊಂಡಳು. ಉಳಿದ ಚಹಾವನ್ನು ಬಾಗಿಲ ಹೊರಗೆ ಚೆಲ್ಲಿ ಬಂದಳು. "ಹನ್ನೆರಡು ವರ್ಷ ನಾನ ಕೊಂದೆ ಅಂತ ನಿಮ್ಮ ಮುಂದ ಅತ್ತೇನಿ. ನೀವು ಚಾ ಕುಡಕೋಂತ ಕುಂತು ಕೇಳಿದ್ರಿ" ಅಂದಳು. ದನಿ ಏರಿಸಲಿಲ್ಲ. ಕಾಲು ಮುಟ್ಟಲು ಬಗ್ಗಿದೆ, ಅವಳು ಸರಿದು ನಿಂತಳು. ಬಸ್ಸು ಬರಲು ಇನ್ನೂ ಹೊತ್ತಿತ್ತು, ಆದರೂ ಎದ್ದು ಬಂದೆ.

ಹೊಸದಾಗಿ ಸೇರಿದವರಿಗೆ ಇಷ್ಟೇ ಹೇಳುವುದು. ಉರಿ ನೀಲಿಯಾದರೆ ನಿಮ್ಮ ಗ್ಯಾಸು ಶುದ್ಧವಾಗಿದೆ, ನಿರಪಾಯವಾಗಿಲ್ಲ. ಚಿಮಣಿ ಅಳೆಯುವ ಮೊದಲು ನೀವು ಉಸಿರಾಡುವ ಖೋಲಿಯನ್ನು ಅಳೆಯಿರಿ. ಯಾರಾದರೂ ತಲೆ ನೋವು ಅಂದರೆ ಬ್ಲೋವರ್ ನಿಲ್ಲಿಸಿ, ಆಮೇಲೆ ಮಾತಾಡಿ. ಪೆಟ್ಟಿಗೆ ಒದರಿದರೆ ಅದು ಕೆಟ್ಟಿದೆ ಅಂತ ತೀರ್ಮಾನಿಸುವ ಹಕ್ಕು ನಿಮಗಿಲ್ಲ. ತಪ್ಪಾದರೆ ಅದೇ ದಿನ ಹೇಳಿ. ಒಂದು ದಿನ ತಡೆದರೆ ಮರುದಿನ ಇನ್ನೂ ಕಷ್ಟವಾಗುತ್ತದೆ, ನನಗೆ ಹನ್ನೆರಡು ವರ್ಷ ಹಾಗೇ ಆಯಿತು.

ಈ ವರ್ಷ ಫಕ್ಕೀರಪ್ಪ ಹೋದ ದಿನ ಬಂದಾಗ ಬೆಳಗ್ಗೆ ಎದ್ದು ಸ್ನಾನ ಮಾಡಿ ಅಂಗಿ ಹಾಕಿಕೊಂಡು ಕೂತೆ. ಮಾಸೂರಿಗೆ ಹೋಗಬೇಕೋ ಬೇಡವೋ ತಿಳಿಯಲಿಲ್ಲ. ಕೊನೆಗೆ ಗೌತಮಿಗೆ ಫೋನ್ ಮಾಡಿ ರತ್ನವ್ವ ಹೇಗಿದ್ದಾಳೆ ಅಂತ ಕೇಳಿದೆ. ಹಿಂದೆ ಬ್ಲೋವರಿನ ಸಪ್ಪಳ ಕೇಳುತ್ತಿತ್ತು. ಅವಳು ಬಾಗಿಲ ಆಚೆ ಬಂದು ಮಾತಾಡಿದಳು.

"ಅವ್ವ ಈಗ ನಿದ್ದಿ ಮಾಡ್ತಾಳ್ರಿ ಕಾಕಾರ" ಅಂದಳು. ಆಮೇಲೆ, "ನಿಮ್ಮನ್ನ ಬರಬ್ಯಾಡ ಅಂದಾಳ" ಅಂದಳು.